ರೆಪೋ ದರದ ಊಹೆ, ನಮ್ಮ ದುಡ್ಡು

ಕೇಳುಗರೇ, ನಮಸ್ಕಾರ.

ಸುಮಾರು ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕ್ ಗವರ್ನರ್ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ, ಪ್ರಕಟಿಸುತ್ತಾರೆ. ಅದಕ್ಕೆ ವಾರ ಮೊದಲೇ ಷೇರುಪೇಟೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಇಳಿಸ್ತಾರಾ, ಹಾಗೇ ಬಿಡ್ತಾರಾ? ಬ್ಯಾಂಕ್ ಷೇರು ಈಗಲೇ ಕೊಳ್ಳೋದಾ, ಕಾಯೋದಾ?

ತೀರ್ಮಾನ ಆರು ಜನರ ಸಮಿತಿಯದು. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಹೊರಗಿನವರು. ಬೆಲೆಯೇರಿಕೆ ಶೇ 4ರ ಆಸುಪಾಸಿನಲ್ಲಿರಬೇಕು ಅನ್ನೋದು ಅವರ ಗುರಿ. ಅದಕ್ಕೇ ಊಹೆ ಮಾಡುವವರು ಮಳೆ, ತರಕಾರಿ ಬೆಲೆ, ಕಚ್ಚಾ ತೈಲ ಎಲ್ಲ ನೋಡುತ್ತಾರೆ.

ಆದರೂ ಊಹೆ ಸರಿಯಾದರೆ ಲಾಭ ಗ್ಯಾರಂಟಿ ಅಂದುಕೊಳ್ಳಬೇಡಿ. ಎಲ್ಲರೂ ಕಾಯುತ್ತಿರುವ ಸುದ್ದಿಗೆ ತಕ್ಕಂತೆ ಪೇಟೆ ಮೊದಲೇ ಏರಿರುತ್ತದೆ, ಇಲ್ಲವೇ ಇಳಿದಿರುತ್ತದೆ.

2025ರ ಜೂನ್ 6 ನೋಡಿ. ಕಾಲು ಪರ್ಸೆಂಟ್ ಇಳಿಯಬಹುದು ಅಂತ ಹೆಚ್ಚಿನವರ ಅಂದಾಜು. ಗವರ್ನರ್ ಸಂಜಯ್ ಮಲ್ಹೋತ್ರಾ ಅರ್ಧ ಪರ್ಸೆಂಟ್ ಇಳಿಸಿ 5.5ಕ್ಕೆ ತಂದರು. ಸೆನ್ಸೆಕ್ಸ್ 700ಕ್ಕೂ ಜಾಸ್ತಿ ಅಂಕ ಜಿಗಿಯಿತು. ಬಾಂಡ್ ಅಂದರೆ ನಿಗದಿತ ಬಡ್ಡಿ ಕೊಡುವ ಸಾಲಪತ್ರ. ಬಡ್ಡಿ ಇಳಿದರೆ, ಹೆಚ್ಚು ಬಡ್ಡಿ ಕೊಡುವ ಹಳೇ ಬಾಂಡುಗಳ ಬೆಲೆ ಏರಬೇಕು ಅಲ್ವಾ? ಮೊದಲು ಏರಿತು ಕೂಡ. ಆದರೆ ಅದೇ ಭಾಷಣದಲ್ಲಿ, ಇನ್ನು ನಮ್ಮ ನಿಲುವು ತಟಸ್ಥ ಅಂದರು. ಮುಂದೆ ಹೀಗೆ ಇಳಿಸುತ್ತಾ ಹೋಗೋದಿಲ್ಲ ಅಂತ ಪೇಟೆ ಅರ್ಥ ಮಾಡಿಕೊಂಡಿತು. ಹತ್ತು ವರ್ಷದ ಸರ್ಕಾರಿ ಬಾಂಡಿನ ಬೆಲೆ ಸಂಜೆಯೊಳಗೆ ಇಳಿದೇಬಿಟ್ಟಿತು. ಬಡ್ಡಿ ಇಳಿಯುತ್ತೆ ಅಂತ ಸರಿಯಾಗೇ ಹೇಳಿ ಬಾಂಡ್ ಹಿಡಿದವರಿಗೂ ಅವತ್ತು ನಷ್ಟ!

2022ರ ಮೇ 4ರಂದು ಸಭೆಯ ದಿನವೇ ನಿಗದಿಯಾಗಿರಲಿಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ದರ 4ರಿಂದ 4.4ಕ್ಕೆ ಏರಿತು. ಸೆನ್ಸೆಕ್ಸ್ 1,300 ಅಂಕ ಕುಸಿಯಿತು. ಇದನ್ನು ಯಾವ ಲೆಕ್ಕದಿಂದ ಊಹಿಸೋದು?

ಮಗಳ ಫೀಸಿಗೆ, ಮನೆ ಕಟ್ಟೋಕೆ ಅಂತ ಎತ್ತಿಟ್ಟ ದುಡ್ಡನ್ನು ದಯವಿಟ್ಟು ಈ ಒಂದು ದಿನದ ಆಟಕ್ಕೆ ಹಾಕಬೇಡಿ. ನಮಗೆ ಲೆಕ್ಕ ಸಿಗುವ ಜಾಗ ಬೇರೆ. ಇಪ್ಪತ್ತು ವರ್ಷದ 30 ಲಕ್ಷ ಗೃಹಸಾಲಕ್ಕೆ ಬಡ್ಡಿ ಎಂಟೂವರೆಯಿಂದ ಎಂಟಕ್ಕೆ ಇಳಿದರೆ, ಕಂತು ತಿಂಗಳಿಗೆ ಸುಮಾರು 940 ರೂಪಾಯಿ ಕಡಿಮೆ. ನಿಮ್ಮ ಸಾಲ ರೆಪೋಗೆ ಜೋಡಿಸಿದ್ದಾದರೆ ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಂಕ್ ಬಡ್ಡಿ ಪರಿಷ್ಕರಿಸಬೇಕು. ಆ ತಾರೀಕು ಯಾವುದು, ಕಂತು ಇಳಿಸುತ್ತಾರಾ ಅಥವಾ ಅವಧಿ ಕಡಿಮೆ ಮಾಡುತ್ತಾರಾ, ಬ್ಯಾಂಕಿಗೆ ಹೋಗಿ ಕೇಳಿ. ಬಡ್ಡಿಯಲ್ಲೇ ಸಂಸಾರ ನಡೆಸುವ ಹಿರಿಯರು ಎಫ್‌ಡಿ ಪೂರ್ತಿ ಒಂದೇ ಅವಧಿಗೆ ಇಡದೆ, ಒಂದು, ಎರಡು, ಮೂರು ವರ್ಷಕ್ಕೆ ಹಂಚಿ ಇಡಿ. ದರ ಇಳಿದರೂ ಎಲ್ಲ ದುಡ್ಡೂ ಒಟ್ಟಿಗೆ ಕಡಿಮೆ ಬಡ್ಡಿಗೆ ಹೋಗೋದಿಲ್ಲ.

ನಮಸ್ಕಾರ.