ಜೆಂಟೂ ಖಡಕ್ ರೊಟ್ಟಿಯಲ್ಲ

ಎಲ್ಲರಿಗೂ ಶರಣು ಶರಣಾರ್ಥಿ. ಜೆಂಟೂ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಬಗ್ಗೆ ಹಿಂದಿನ ಸಂಚಿಕೆಗೆ ಬೀದರಿನ ಕಡೆಯ ಪ್ರೇಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಅಣ್ಣಾರ, ನಿಮ್ಮ ಮಾತ ಕೇಳಿ ಜೆಂಟೂ ಹಾಕ್ಕೊಂಡೆ. ಎಂಟು ತಿಂಗಳ ಮ್ಯಾಲ ಅಪ್‌ಡೇಟ್ ಮಾಡಿದ್ರ ಎಲ್ಲಾ ಕೆಟ್ಟು ಹೋಯ್ತು. ಇದು ಖಾಲಿ ಕುಂತವರ ಆಟ."

ಖಾಲಿ ಕುಳಿತವರು ಎಂದದ್ದಕ್ಕೆ ನನಗೆ ಬೇಸರವಿಲ್ಲ, ಅದು ಬಹುಮಟ್ಟಿಗೆ ನಿಜ. ನನ್ನ ಕಣ್ಣು ಕುಕ್ಕಿದ್ದು ಆ "ಎಂಟು ತಿಂಗಳು". ಖಡಕ್ ರೊಟ್ಟಿಯನ್ನು ಒಣಗಿಸಿ ಬುಟ್ಟಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ; ಆದರೆ ಜೋಳದ ಹಿಟ್ಟನ್ನು ತಿಂಗಳುಗಟ್ಟಲೆ ಇಟ್ಟು ರೊಟ್ಟಿ ಬಡಿಯಲು ಕುಳಿತರೆ, ಜಿಗುಟು ಹೋದ ಹಿಟ್ಟು ಕೈಯಲ್ಲೇ ಒಡೆಯುತ್ತದೆ. ಜೆಂಟೂ ಎಂದರೆ ಜೋಳವನ್ನು ನಾವೇ ಗಿರಣಿಗೆ ಹೊತ್ತೊಯ್ದು ಬೀಸಿಸುವ ವ್ಯವಹಾರ: ತಂತ್ರಾಂಶದ ಮೂಲ ಸಂಕೇತವನ್ನು ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿ, ಅಂದರೆ ಓಡಬಲ್ಲ ಪ್ರೋಗ್ರಾಂ ಆಗಿ ಕಟ್ಟಿ, ಹಾಕಿಕೊಳ್ಳುವುದು. ಆದ್ದರಿಂದ ವಾರಕ್ಕೊಮ್ಮೆ ಅಪ್‌ಡೇಟ್ ಮಾಡಬೇಕು.

ಕಾರಣ ಸರಳವಾಗಿದೆ. ಜೆಂಟೂದ ಪ್ಯಾಕೇಜ್ ನಿರ್ವಾಹಕವಾದ ಪೋರ್ಟೇಜ್‌ನ ಭಂಡಾರದಲ್ಲಿ ಹೊಸ ಇಬಿಲ್ಡ್‌ಗಳು (ಪ್ಯಾಕೇಜನ್ನು ಕಟ್ಟುವ ವಿಧಾನ ಬರೆದ ಕಡತಗಳು) ಸೇರುತ್ತಿದ್ದಂತೆ ಹಳೆಯವು ಅಳಿಸಿಹೋಗುತ್ತವೆ. ನೀವು ಎಂಟು ತಿಂಗಳ ನಂತರ ಬಂದಾಗ, ಒಂದೊಂದೇ ಮೆಟ್ಟಿಲಾಗಿ ಹತ್ತಬಹುದಾಗಿದ್ದ ನಡುವಿನ ಆವೃತ್ತಿಗಳಲ್ಲಿ ಹಲವು ಅಲ್ಲಿರುವುದೇ ಇಲ್ಲ. 2024ರ ಮಾರ್ಚಿನಲ್ಲಿ ವ್ಯವಸ್ಥೆಯ ಮೂಲ ಹೊಂದಿಕೆಗಳ ಗುಚ್ಛವಾದ ಪ್ರೊಫೈಲ್‌ನ 23.0 ಆವೃತ್ತಿ ಬಂತು. 2025ರ ಜೂನ್ 1ಕ್ಕೆ ಡೀಫಾಲ್ಟ್ ಪೈಥಾನ್ 3.12ರಿಂದ 3.13ಕ್ಕೆ ಬದಲಾಯಿತು, ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಇಂಥ ಬದಲಾವಣೆಗಳ ಸೂಚನೆಗಳು 'ಎಸೆಲೆಕ್ಟ್ ನ್ಯೂಸ್ ರೀಡ್' ಎಂದು ಹೊಡೆದರೆ ಎದುರಿಗೇ ಬರುತ್ತವೆ. ವಾರಕ್ಕೊಮ್ಮೆ ನೋಡುವವನಿಗೆ ಅದು ಒಂದು ಕೆಲಸ. ಎಂಟು ತಿಂಗಳು ಬಿಟ್ಟವನಿಗೆ ಹತ್ತು ಕೆಲಸಗಳು ಒಂದರ ಕಾಲನ್ನೊಂದು ಕಟ್ಟಿಕೊಂಡು ಬಿದ್ದಿರುತ್ತವೆ, ಪರದೆಯ ತುಂಬ ಕೆಂಪು ಬ್ಲಾಕರ್‌ಗಳು, ಅಂದರೆ ಒಟ್ಟಿಗಿರಲಾರದ ಪ್ಯಾಕೇಜುಗಳ ತಕರಾರುಗಳು.

"ಕಲಬುರಗಿಯ ಬೇಸಿಗೆಯಲ್ಲಿ ಕಂಪೈಲ್ ಮಾಡುವುದು ಹೇಗೆ?" ಎಂದು ಕೇಳುವವರಿದ್ದಾರೆ. 42 ಡಿಗ್ರಿಯ ಮಧ್ಯಾಹ್ನ ಕ್ರೋಮಿಯಂನಂಥ ದೈತ್ಯ ಬ್ರೌಸರ್ ಕಟ್ಟಲು ಕುಳಿತರೆ ತಪ್ಪು ಸೂರ್ಯನದಲ್ಲ. ರಾತ್ರಿ ಹಚ್ಚಿ ಮಲಗಿ. ಏಕಕಾಲಕ್ಕೆ ನಡೆಯುವ ಒಂದೊಂದು ಕಂಪೈಲ್ ಕೆಲಸಕ್ಕೆ, ಅಂದರೆ ಜಾಬ್‌ಗೆ, ಸುಮಾರು 2 ಜಿಬಿ ರ‍್ಯಾಮ್ ಎಂಬ ಲೆಕ್ಕದಲ್ಲಿ, 8 ಜಿಬಿಯ ಯಂತ್ರಕ್ಕೆ ಮೇಕ್‌ಆಪ್ಟ್ಸ್‌ನಲ್ಲಿ ನಾಲ್ಕೇ ಜಾಬ್ ಕೊಡಿ. (ಈ ಹೊಂದಿಕೆ ಬರೆಯುವ ಮೇಕ್.ಕಾನ್ಫ್ ಕಡತದ ಬಗ್ಗೆಯೇ ಮುಂದಿನ ವಾರ ಇಡೀ ಸಂಚಿಕೆ ಇದೆ, ಗಂಟೆಯ ಗುರುತನ್ನು ಒತ್ತಿಟ್ಟುಕೊಳ್ಳಿ.) ಕರೆಂಟ್ ಹೋದರೆ ನಿಂತ ಪಟ್ಟಿಯನ್ನು ಮುಂದುವರಿಸುವ 'ಎಮರ್ಜ್ ರೆಸ್ಯೂಮ್' ಇದೆ, ನಡುವೆ ನಿಂತ ಪ್ಯಾಕೇಜು ಮೊದಲಿನಿಂದ ಶುರುವಾಗುತ್ತದೆ ನಿಜ, ಆದರೆ ಪಟ್ಟಿಯಲ್ಲಿ ಹನ್ನೆರಡೇ ಪ್ಯಾಕೇಜುಗಳಿದ್ದರೆ ಆ ನಷ್ಟ ಎಷ್ಟರದು? ಪಟ್ಟಿ ಹನ್ನೆರಡರಲ್ಲಿ ನಿಲ್ಲುವುದು ಯಾರಿಗೆ? ವಾರಕ್ಕೊಮ್ಮೆ ಮಾಡುವವನಿಗೆ.

"ಸಮಯವಿಲ್ಲ" ಎನ್ನುವವರ ನೆಪವನ್ನಂತೂ 2023ರ ಡಿಸೆಂಬರ್ 29ರಂದೇ ಜೆಂಟೂದವರು ಕಿತ್ತುಕೊಂಡರು. ಅಂದಿನಿಂದ ಮೊದಲೇ ಕಂಪೈಲ್ ಮಾಡಿಟ್ಟ ಸಿದ್ಧ ಬೈನರಿ ಪ್ಯಾಕೇಜುಗಳು ಅಧಿಕೃತವಾಗಿಯೇ ದೊರೆಯುತ್ತಿವೆ. ಗಿರಣಿಯ ಸಾಲಿನಲ್ಲಿ ನಿಲ್ಲಲಾರದವರಿಗೆ ಹಿಟ್ಟಿನ ಚೀಲವನ್ನೇ ಕೊಟ್ಟರೂ ಅದನ್ನು ಮನೆಗೆ ಒಯ್ಯಲು ಸಮಯವಿಲ್ಲ ಎಂದರೆ ಏನು ಹೇಳೋಣ? "ಸಿದ್ಧ ಪ್ಯಾಕೇಜುಗಳ ಲಿನಕ್ಸ್ ಆದ ಉಬುಂಟು ಹಾಕಿಕೊಳ್ಳಬಾರದೇ?" ಎಂಬುವರಿಗೆ ಉತ್ತರ: ಹಾಕಿಕೊಳ್ಳಿ, ಯಾರೂ ಬೇಡವೆಂದಿಲ್ಲ, ಅದನ್ನೂ ಎಂಟು ತಿಂಗಳು ಬಿಡಬೇಡಿ.

ನಾನು ಮಾಡುವುದು ಇಷ್ಟೇ. ಭಾನುವಾರ ಸಿಂಕ್ ಮಾಡಿ (ಭಂಡಾರದ ಹೊಸ ಪಟ್ಟಿಯನ್ನು ತಂದು), ನ್ಯೂಸ್ ಓದಿ, ಇಡೀ ವ್ಯವಸ್ಥೆಯ 'ವರ್ಲ್ಡ್' ಅಪ್‌ಡೇಟನ್ನು ಮೊದಲು 'ಪ್ರಿಟೆಂಡ್' ಹಾಕಿ, ಅಂದರೆ ಏನೂ ಬದಲಿಸದೆ, ನೋಡುತ್ತೇನೆ, ನಂತರ ನಿಜವಾಗಿ ಓಡಿಸುತ್ತೇನೆ. ಕೊನೆಗೆ ಹೊಂದಿಕೆ ಕಡತಗಳ ಬದಲಾವಣೆ ನೋಡಿ ಒಪ್ಪುವ 'ಡಿಸ್ಪ್ಯಾಚ್ ಕಾನ್ಫ್', ಆಮೇಲೆ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ 'ಡೆಪ್‌ಕ್ಲೀನ್'. ಅದು ತೆಗೆಯುವ ಪಟ್ಟಿಯನ್ನು ಓದದೆ ಮಾತ್ರ ಒಪ್ಪಿಗೆ ಕೊಡುವುದಿಲ್ಲ, ಒಮ್ಮೆ ಕೊಟ್ಟು ಅನುಭವಿಸಿದ್ದೇನೆ. ಆ ಕಥೆ ಚಾನೆಲ್ ಸದಸ್ಯರಿಗೆ ಮಾತ್ರ.

ಬೀದರಿನ ತಮ್ಮಾ, ಇಂದೇ ಸಿಂಕ್ ಮಾಡು, ಬ್ಲಾಕರ್‌ಗಳ ಪಟ್ಟಿಯನ್ನು ನನಗೆ ಕಳಿಸು, ಇಬ್ಬರೂ ಕೂಡಿ ಬಿಡಿಸೋಣ. ಬಿಡಿಸಿದ ಮೇಲೆ ವಾರಕ್ಕೊಮ್ಮೆ. ಹದಿನೈದು ದಿನಕ್ಕೆ ನಡೆಯುವುದಿಲ್ಲವೇ ಎಂದು ಕೇಳಬೇಡ. ನಡೆಯುತ್ತದೆ, ಆದರೂ ವಾರಕ್ಕೊಮ್ಮೆ. ಏಕೆಂದರೆ ನಾನು ಹೇಳುತ್ತಿದ್ದೇನೆ. ಮೈಕಿನಲ್ಲಿ ಗುಂಯ್ ಎಂಬ ಸದ್ದು ಕೇಳುತ್ತಿದ್ದರೆ ಅದು ಕೂಲರ್ ಅಲ್ಲ. ಇಂದು ಭಾನುವಾರ, ಹದಿನಾಲ್ಕು ಪ್ಯಾಕೇಜುಗಳಲ್ಲಿ ಒಂಬತ್ತನೆಯದರ ಕಂಪೈಲ್ ನಡೆದಿದೆ.