ಗುರುವಾರದ ಮುಚ್ಚಳ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಒಂದು ಗೇಣು ಉದ್ದ. ಅದರಲ್ಲಿ ಏಳು ಗೂಡು, ಏಳು ಮುಚ್ಚಳ. ಸೋ, ಮಂ, ಬು, ಗು ಅಂತ ನಾನೇ ಚೀಟಿ ಬರೆದು ಅಂಟಿಸಿದ್ದೇನೆ. ಭಾನುವಾರ ರಾತ್ರಿ ಕುಳಿತು ವಾರಕ್ಕಾಗುವಷ್ಟು ಮಾತ್ರೆ ತುಂಬಿಸುತ್ತೇನೆ. ಬಿಪಿಗೆ ಒಂದು, ಶುಗರಿಗೆ ಒಂದು, ಕೊಲೆಸ್ಟ್ರಾಲಿಗೆ ಅರ್ಧ. ಆ ಅರ್ಧ ಇದೆಯಲ್ಲ, ಅದೇ ತಾಪತ್ರಯ. ಮುರಿಯುವಾಗ ಒಂದು ಚೂರು ಟಪ್ ಅಂತ ಹಾರಿ ಮಂಚದ ಕೆಳಗೆ ಹೋಗುತ್ತದೆ. ಬಗ್ಗುವುದಕ್ಕೆ ಮಂಡಿ ಒಪ್ಪುವುದಿಲ್ಲ. ಊರುಗೋಲಿನಿಂದ ಸವರಿ ಸವರಿ ಹೊರಗೆ ತರಬೇಕು. ಒಂದು ಸಲ ಹಾಗೆ ಸವರಿದಾಗ ಮಾತ್ರೆ ಬರಲಿಲ್ಲ, ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಪೆನ್ನಿನ ಮುಚ್ಚಳ ಬಂತು.

ಮಗ ಈ ಡಬ್ಬಿ ತಂದುಕೊಟ್ಟಾಗ ನನಗೆ ಸಿಟ್ಟು ಬಂದಿತ್ತು. ‘ನನ್ನ ಮಾತ್ರೆ ನನಗೆ ನೆನಪಿರಲ್ವೇನೋ’ ಅಂತ ಗದರಿದ್ದೆ. ಎರಡನೇ ವಾರವೇ, ಬುಧವಾರ ಬೆಳಗ್ಗೆ ನೋಡಿದರೆ ಮಂಗಳವಾರದ ಮಾತ್ರೆ ಹಾಗೇ ಕೂತಿತ್ತು. ಮಗನಿಗೆ ಹೇಳಲಿಲ್ಲ. ಇವತ್ತು ರೇಡಿಯೋದಲ್ಲಿ ಹೇಳ್ತಾ ಇದ್ದೀನಿ.

ಇವತ್ತು ಗುರುವಾರ. ಬೆಳಗ್ಗೆ ಗುರುವಾರದ ಮುಚ್ಚಳ ತೆಗೆದು, ಮಾತ್ರೆ ನುಂಗಿ, ಇಲ್ಲಿಗೆ ಬಂದಿದ್ದೇನೆ.

ನನಗೀಗ 73 ವರ್ಷ. ಯಾರಾದರೂ ‘ಹೇಗಿದ್ದೀರಿ’ ಅಂದರೆ ನಮ್ಮ ವಯಸ್ಸಿನವರ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ಹೇಗೋ ದಿನ ದೂಡ್ತಾ ಇದ್ದೀನಿ.’ ನಾನೂ ಎಷ್ಟೋ ವರ್ಷ ಹಾಗೇ ಹೇಳಿದೆ. ಕೆಟ್ಟು ನಿಂತ ಗಾಡಿಯನ್ನು ಹಿಂದಿನಿಂದ ದೂಡುತ್ತೇವಲ್ಲ, ಹಾಗೆ. ಒಂದು ಸಂಜೆ ಇದೇ ಮಾತು ಬಾಯಿಗೆ ಬಂದಾಗ ನನಗೇ ನಗು ಬಂತು. ಇಷ್ಟು ಕಷ್ಟಪಟ್ಟು ದೂಡಿ ಎಲ್ಲಿಗೆ ತಲುಪಿಸ್ತಾ ಇದ್ದೀನಿ? ಆ ದಾರಿ ಎಲ್ಲಿ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿಗೆ ಹೋಗೋಕೆ ಅಷ್ಟೇನು ಅವಸರ?

ಹಾಗಂತ ಮುಪ್ಪು ಅಂದರೆ ಬಹಳ ಸೊಗಸು ಅಂತ ಹೇಳೋಕೆ ಬಂದಿಲ್ಲ. ಸೊಗಸೇನೂ ಇಲ್ಲ. ಮೈಯಲ್ಲಿ ಒಂದೊಂದೇ ಅಂಗಡಿ ಬಾಗಿಲು ಎಳೆದುಕೊಳ್ಳುತ್ತಾ ಬರುತ್ತದೆ. ಮೊದಲು ಕಣ್ಣು. ಹತ್ತಿರದ್ದನ್ನು ಓದುವ ಕನ್ನಡಕಕ್ಕೆ ನಾವು ‘ಚಾಳೀಸು’ ಅನ್ನುತ್ತೇವೆ. ಮರಾಠಿಯಲ್ಲಿ ಚಾಳೀಸ್ ಅಂದರೆ ನಲವತ್ತು. ಆ ಹೊತ್ತಿಗೆ ಕಣ್ಣಿನೊಳಗಿನ ಮಸೂರ ಬಿಗಿಯಾಗಿ, ಹತ್ತಿರದ ಅಕ್ಷರಕ್ಕೆ ಬೇಕಾದಷ್ಟು ಉಬ್ಬುವುದಿಲ್ಲ. ಪೇಪರನ್ನು ದೂರ ದೂರ ಹಿಡಿಯುತ್ತೇವೆ. ಕೊನೆಗೆ ಕೈ ಸಾಲದೆ ಬರುತ್ತದೆ. ಆಗ ಚಾಳೀಸು. ವಯಸ್ಸನ್ನು ಹೆಸರಲ್ಲೇ ಇಟ್ಟುಕೊಂಡ ಇನ್ನೊಂದು ವಸ್ತು ನನಗೆ ಗೊತ್ತಿಲ್ಲ.

ಅದಾದ ಮೇಲೆ ಪೊರೆ. ಹೋದ ವರ್ಷ ನನ್ನ ಬಲಗಣ್ಣಿಗೆ ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದರು. ಎದುರಿಗೆ ಒಂದು ಗೋಡೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ: ಹಳೇ ದಿನಪತ್ರಿಕೆಯ ಬಣ್ಣ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದೆ: ಬೆಳ್ಳಗೆ, ಅಂಚಿನಲ್ಲಿ ತುಸು ನೀಲಿ. ಅದೇ ಗೋಡೆ! ಎಷ್ಟು ವರ್ಷದಿಂದ ನಾನು ಹಳದಿ ಲೋಕದಲ್ಲಿ ಓಡಾಡುತ್ತಿದ್ದೆನೋ! ಪೊರೆ ಬೆಳೆಯುತ್ತಾ ಹೋದಂತೆ ಮಸೂರ ಹಳದಿ, ಕಂದು ಆಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ನಮಗೆ ತಿಳಿಯುವುದೇ ಇಲ್ಲ.

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಅವರಿಗೂ ಹೀಗೇ ಆಗಿತ್ತು. 1923ರಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ, ಬಲಗಣ್ಣಿನ ಪೊರೆ ತೆಗೆಸಿಕೊಂಡರು. ಆಮೇಲೆ ಎಲ್ಲವೂ ಅತಿ ನೀಲಿಯಾಗಿ ಕಾಣುತ್ತಿದೆ ಅಂತ ಗೊಣಗಿದರು. ಎಡಗಣ್ಣನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಅವರಷ್ಟು ಹಟ ನನಗಿಲ್ಲ. ಆದರೆ ನನ್ನ ಎಡಗಣ್ಣಿಗೆ ಕೊಟ್ಟ ತಾರೀಕನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡೆ. ಕಾರಣ ಕೇಳಿದರೆ ನಾಚಿಕೆ. ದಿನಾ ಬೆಳಗ್ಗೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಆಕಾಶ, ಎಲೆ, ನನ್ನದೇ ಅಂಗೈ ನೋಡುತ್ತಾ ಕೂರುತ್ತಿದ್ದೆ. ಆ ಆಟ ಇನ್ನೊಂದು ತಿಂಗಳು ಇರಲಿ ಅನ್ನಿಸಿತು. ಮನೆಯವರು ‘ಯಾರಿಗೆ ಕಣ್ಣು ಹೊಡೀತಿದ್ದೀರಿ’ ಅಂತ ಕೇಳಿದ್ದೂ ಆಯಿತು.

ಕಿವಿಯದು ಬೇರೆ ಕತೆ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣವಾದ, ಮೇಲಿನ ಸ್ವರಗಳು. ದಪ್ಪ ದನಿ ಕೇಳುತ್ತದೆ, ಮಕ್ಕಳ ದನಿ ಜಾರಿಕೊಳ್ಳುತ್ತದೆ. ಸ, ತ, ಕ ಅಂಥ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಅದಕ್ಕೇ ಮುದುಕರು ‘ಕೇಳಿಸ್ತು, ಆದರೆ ಏನಂದ್ರಿ ತಿಳೀಲಿಲ್ಲ’ ಅನ್ನುವುದು. ಅದು ನೆಪ ಅಲ್ಲ, ನಂಬಿ. ಮೊನ್ನೆ ಮೊಮ್ಮಗಳು ಬಂದು ‘ಅಜ್ಜ, ಕತೆ ಬೇಕು’ ಅಂದಳು. ನನಗೆ ಕೇಳಿಸಿದ್ದು ‘ಕಸ ಬೇಕು’. ‘ಕಸ ಯಾಕೆ ಪುಟ್ಟಿ ನಿಂಗೆ?’ ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಈಗ ದಿನಾ ಸಂಜೆ ಬಂದು ‘ಅಜ್ಜ, ಕಸ ಹೇಳು’ ಅಂತಾಳೆ. ನಾನೂ ಹೇಳ್ತೀನಿ. ಕೂಗಬೇಡ, ನನ್ನ ಮುಖ ನೋಡಿ ನಿಧಾನವಾಗಿ ಹೇಳು ಅಂತ ಕಲಿಸಿದ್ದೇನೆ. ತುಟಿ ಕಂಡರೆ ಅರ್ಧ ಮಾತು ತಿಳಿಯುತ್ತದೆ.

ಒಂದು ದೂರು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನಗೆ ತಲೆ ಸುತ್ತು ಶುರುವಾಯಿತು. ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ. ತೋರಿಸಿಕೊಂಡ ಡಾಕ್ಟರು ‘ವಯಸ್ಸಾಯ್ತಲ್ಲ, ಹಾಗೇ’ ಅಂದರು. ಸರಿ ಅಂತ ಎದ್ದು ಬಂದೆ. ಮುಂದಿನ ವಾರ ಬಾತ್‌ರೂಮಿನ ಬಾಗಿಲ ಹತ್ತಿರ ಬಿದ್ದೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಮಾಡಿದ್ದು ಇಷ್ಟೇ: ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ನಿಂತಾಗ ಬಿಪಿ ಧಡಕ್ಕನೆ ಇಳಿಯುತ್ತಿತ್ತು. ನನ್ನ ಬಿಪಿ ಮಾತ್ರೆಯ ಡೋಸು ಜಾಸ್ತಿಯಾಗಿತ್ತು. ಕಡಿಮೆ ಮಾಡಿದರು, ಸುತ್ತು ನಿಂತಿತು. ಈಗ ಎದ್ದ ತಕ್ಷಣ ನಿಲ್ಲುವುದಿಲ್ಲ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರುತ್ತೇನೆ. ‘ವಯಸ್ಸಾಯ್ತು’ ಅನ್ನುವುದು ಕಾಯಿಲೆಯ ಹೆಸರಲ್ಲ. ಹಾಗಂದು ಕಳಿಸಿದರೆ, ದಯವಿಟ್ಟು ಇನ್ನೊಂದು ಸಲ ಕೇಳಿ.

ಆ ಎರಡು ನಿಮಿಷ ಈಗ ನನಗೆ ದಿನದ ಒಳ್ಳೆ ಹೊತ್ತು. ಕಿಟಕಿಯಿಂದ ಬೆಳಕು ನೆಲದ ಮೇಲೆ ಎಲ್ಲಿವರೆಗೆ ಬಂದಿದೆ ಅಂತ ನೋಡುತ್ತೇನೆ. ಒಂದು ಕಾಲದಲ್ಲಿ ಅದು ಹೆಬ್ಬೆರಳ ಹತ್ತಿರ ಇತ್ತು, ಈಗ ಕುರ್ಚಿ ಕಾಲಿಗೆ ಸರಿದಿದೆ. ಸೂರ್ಯ ಜಾಗ ಬದಲಿಸುತ್ತಾನೆ ಅಂತ ಶಾಲೆಯಲ್ಲಿ ಓದಿದ್ದೆ. ನೋಡಿದ್ದು ಎಪ್ಪತ್ತು ದಾಟಿದ ಮೇಲೆ, ಅದೂ ಬಿಪಿ ಇಳಿಯುತ್ತದೆ ಅನ್ನುವ ಹೆದರಿಕೆಯಿಂದ.

ಕಾಲಿನ ಬಲದ ಬಗ್ಗೆ ಒಂದು ಮಾತು. 1990ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಶ್ರಯಧಾಮದಲ್ಲಿದ್ದ, ಸುಮಾರು 90 ವರ್ಷದ, ಬಹಳ ನಿಶ್ಶಕ್ತರಾದ ಹತ್ತು ಜನರನ್ನು ತೆಗೆದುಕೊಂಡು ಎಂಟು ವಾರ ಕಾಲಿಗೆ ಭಾರ ಕಟ್ಟಿ ಎತ್ತಿಸುವಂಥ ವ್ಯಾಯಾಮ ಮಾಡಿಸಿದರು. ಕೊನೆವರೆಗೂ ಮಾಡಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರಲ್ಲೂ ಸ್ನಾಯು ಮಾತು ಕೇಳುತ್ತದೆ. ಇದನ್ನು ಓದಿದ ಮೇಲೆ ನಾನು ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಶುರು ಮಾಡಿದೆ. ಮೊದಲ ದಿನ ಮೂರು. ಈಗ ಹನ್ನೊಂದು. ಹನ್ನೆರಡು ಆಗಿಲ್ಲ, ಆಗಬಹುದು. ಮೆಟ್ಟಿಲಿಗೆ ನನಗೆ ಫಿಸಿಯೋಥೆರಪಿ ಹೇಳಿಕೊಟ್ಟ ಹುಡುಗಿಯ ಸೂತ್ರ ಇದೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಈ ಸ್ಟುಡಿಯೋಗೆ 22 ಮೆಟ್ಟಿಲು. ಎಣಿಸಿದ್ದೇನೆ.

ನೆನಪಿನ ವಿಷಯ ಬೇಗ ಮುಗಿಸುತ್ತೇನೆ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಹೆಸರುಗಳು ನಾಲಿಗೆ ತುದಿಗೆ ಬಂದು ಅಲ್ಲೇ ಕೂತುಬಿಡುವುದು ನಿಜ. ಆದರೆ ಪದಗಳ ಸಂಗ್ರಹ ಅರವತ್ತರ ಆಚೆಗೂ ಚೆನ್ನಾಗಿಯೇ ಉಳಿಯುತ್ತದೆ. ದಿನನಿತ್ಯದ ಕೆಲಸವೇ ಕೆಡುವಷ್ಟು ಮರೆವು ಬಂದರೆ ಅದು ವಯಸ್ಸಿನ ಸಹಜ ಪಾಲಲ್ಲ, ತೋರಿಸಿಕೊಳ್ಳಬೇಕು.

ಈಗ ನನ್ನ ಗೆಳೆಯನ ಬಗ್ಗೆ. ನಿಜ ಹೇಳಬೇಕೆಂದರೆ ಈ ಭಾಷಣ ಒಪ್ಪಿಕೊಂಡದ್ದೇ ಅವನಿಗೋಸ್ಕರ. ಒಂಬತ್ತು ವರ್ಷದಿಂದ ಅವನಿಗೆ ಪಾರ್ಕಿನ್‌ಸನ್ಸ್. ಮೆದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಕೋಶಗಳು ಕಡಿಮೆಯಾಗುತ್ತ ಹೋಗುವ ಕಾಯಿಲೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಎಲ್ಲ ನಿಧಾನ. ಲೆವೊಡೋಪಾ ಅನ್ನುವ ಮಾತ್ರೆ ತೆಗೆದುಕೊಂಡರೆ ಸ್ವಲ್ಪ ಹೊತ್ತಿಗೆ ಮೈ ಸಡಿಲವಾಗುತ್ತದೆ. ಮೊದಮೊದಲು ಅದರ ಗುಣ ದಿನವಿಡೀ ಇರುತ್ತಿತ್ತು. ಈಗ ಮುಂದಿನ ಮಾತ್ರೆಯ ಹೊತ್ತಿಗೆ ಮೊದಲೇ ಇಳಿದುಬಿಡುತ್ತದೆ. ಅವನು ಅದಕ್ಕೆ ‘ಕರೆಂಟ್ ಬಂತು, ಕರೆಂಟ್ ಹೋಯ್ತು’ ಅನ್ನುತ್ತಾನೆ. ಫೋನ್ ಮಾಡಿದರೆ, ‘ಕರೆಂಟ್ ಇದೆ ಕಣೋ, ಬೇಗ ಮಾತಾಡು’ ಅಂತಾನೆ.

ಒಂದು ಬೆಳಗ್ಗೆ ಅವನ ಮನೆಗೆ ಹೋಗಿದ್ದೆ. ಅಂಗಿ ಹಾಕಿಕೊಳ್ಳುತ್ತಿದ್ದ. ಕರೆಂಟ್ ಇನ್ನೂ ಪೂರ್ತಿ ಬಂದಿರಲಿಲ್ಲ. ಏಳು ಗುಂಡಿ. ಮೇಲಿನಿಂದ ಶುರು. ಗುಂಡಿಯ ಅಂಚನ್ನು ಹೆಬ್ಬೆರಳು ಹಿಡಿಯುತ್ತದೆ, ಕಾಜಾದ ಬಾಯಿಗೆ ತರುತ್ತದೆ, ಅಷ್ಟರಲ್ಲಿ ಬೆರಳು ನಡುಗಿ ಜಾರುತ್ತದೆ. ಮತ್ತೆ ಮೊದಲಿನಿಂದ. ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವನು ತಲೆ ಎತ್ತಿ ಒಂದು ನೋಟ ನೋಡಿದ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಗೋಡೆ ಗಡಿಯಾರದಲ್ಲಿ ಹದಿನಾಲ್ಕು ನಿಮಿಷ. ಕೊನೆಗೆ ನೋಡಿದರೆ ಕೆಳಗೆ ಒಂದು ಗುಂಡಿ ಮಿಕ್ಕಿದೆ, ಮೇಲೆ ಒಂದು ಕಾಜಾ ಮಿಕ್ಕಿದೆ. ಮೊದಲನೆಯದೇ ತಪ್ಪಿತ್ತು. ಇಬ್ಬರೂ ಸುಮ್ನೆ ಅದನ್ನೇ ನೋಡುತ್ತಾ ನಿಂತೆವು. ‘ಬಿಡೋ, ಇವತ್ತಿಗೆ ಇದೇ ಫ್ಯಾಷನ್ನು’ ಅಂದ. ಹಾಗೇ ನನ್ನ ತೋಳು ಹಿಡಿದು ರಸ್ತೆಗೆ ಬಂದ.

ಅವನ ಪಾಲಿಗೆ ದಿನ ಅಂದರೆ ಬೆಳಗ್ಗೆ ಕರೆಂಟ್ ಇರುವ ಎರಡು ಗಂಟೆ. ಅದರಲ್ಲಿ ಒಂದು ಕಾರ್ಡು ಬರೆಯುತ್ತಾನೆ, ದಿನಕ್ಕೆ ಒಬ್ಬರಿಗೆ. ಈ ಕಾಯಿಲೆಯಲ್ಲಿ ಕೈಬರಹ ಸಣ್ಣದಾಗುತ್ತದೆ. ಸಾಲು ಶುರುವಾಗುವಾಗ ಅಕ್ಷರ, ಮುಗಿಯುವಾಗ ಇರುವೆ. ನನಗೆ ಬಂದ ಕಾರ್ಡನ್ನು ಭೂತಗನ್ನಡಿ ಹಿಡಿದು ಓದಿದೆ. ‘ಕಿಟಕಿಯಲ್ಲಿ ಎರಡು ಗುಬ್ಬಿ. ಒಂದಕ್ಕೆ ಬಾಲ ಇಲ್ಲ. ಆದರೂ ಹಾರ್ತಾ ಇದೆ.’ ಅಷ್ಟೇ. ಕ್ಷೇಮ ಸಮಾಚಾರ ಇಲ್ಲ. ಮದುವೆ, ಸಭೆ, ಸಮಾರಂಭ ಎಲ್ಲ ಬಿಟ್ಟಿದ್ದಾನೆ. ‘ಜನ ಬೇಜಾರು ಮಾಡ್ಕೊಳ್ಳಲ್ವಾ’ ಅಂದೆ. ‘ಮಾಡ್ಕೊಳ್ಳಲಿ. ಅವರ ಹತ್ರ ಇಪ್ಪತ್ನಾಲ್ಕು ಗಂಟೆ ಇದೆ’ ಅಂದ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್ಸನ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮುಂದಿರುವ ಕಾಲ ಚಿಕ್ಕದು ಅನ್ನಿಸಿದಾಗ ಮನುಷ್ಯರು ಪರಿಚಯದವರ ಪಟ್ಟಿ ಕಡಿಮೆ ಮಾಡಿ, ಮನಸ್ಸಿಗೆ ಹತ್ತಿರವಾದವರನ್ನು, ಹತ್ತಿರವಾದ ಕೆಲಸವನ್ನು ಉಳಿಸಿಕೊಳ್ಳುತ್ತಾರಂತೆ. ಗಂಭೀರ ಕಾಯಿಲೆ ಬಂದ ಕಿರಿಯರೂ ಹೀಗೇ ಮಾಡುತ್ತಾರೆ. ಅಂದರೆ ಇದು ಬರೀ ವಯಸ್ಸಿನ ಕೆಲಸ ಅಲ್ಲ. ನನ್ನ ಗೆಳೆಯನಿಗೆ ಇದನ್ನು ಹೇಳಿದರೆ, ‘ಅದಕ್ಕೆ ವಿಶ್ವವಿದ್ಯಾಲಯ ಬೇಕಾಯ್ತಾ’ ಅಂದ.

ಎಲ್ಲ ದಿನವೂ ಹೀಗಿರುವುದಿಲ್ಲ. ರಾತ್ರಿ ಮೂರು ಗಂಟೆಗೆ ಮಂಡಿ ಸೆಳೆತದಿಂದ ಎಚ್ಚರವಾಗಿ, ಮಗ್ಗುಲು ಬದಲಿಸಿದರೆ ಸೊಂಟ ಹಿಡಿದು, ಮನೆಯವರೆಲ್ಲ ಮಲಗಿರುವಾಗ ಒಬ್ಬನೇ ಚಾವಣಿ ನೋಡುತ್ತಿರುತ್ತೇನೆ. ಆ ಹೊತ್ತಲ್ಲಿ ಯಾರಾದರೂ ಬಂದು ‘ಪ್ರತಿ ದಿನವೂ ಒಂದು ಕೊಡುಗೆ’ ಅಂದರೆ ದಿಂಬು ಎಸೆದೇನು. ಅಂಥ ರಾತ್ರಿಗೆ ನನ್ನ ಹತ್ತಿರ ಉಪಾಯ ಇಲ್ಲ. ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೇನೆ. ಬೆಳಗಾಗುವುದನ್ನು ಕಾಯುತ್ತೇನೆ. ಬೆಳಗಾಗುತ್ತದೆ. ಮಂಚದ ಅಂಚಿನಲ್ಲಿ ಕೂತು, ಬೆಳಕು ಎಲ್ಲಿಗೆ ಬಂದಿದೆ ನೋಡಿ, ಆ ದಿನದ ಮುಚ್ಚಳ ತೆಗೆಯುತ್ತೇನೆ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಗೆಳೆಯ ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂರುತ್ತೇನೆ ಅಂದಿದ್ದ. ಕರೆಂಟ್ ಇದೆಯೇನೋ? ಇದ್ದರೆ ಕಾರ್ಡು ಬರಿ. ಅಂಗಿಯ ವಿಷಯ ಹೇಳಿದ್ದಕ್ಕೆ ಬೈದೇ ಬರಿ, ಪರವಾಗಿಲ್ಲ.

ಇನ್ನು ನಾನು 22 ಮೆಟ್ಟಿಲು ಇಳಿಯಬೇಕು. ನೋಯುವ ಕಾಲು ಮೊದಲು.

ನಮಸ್ಕಾರ.