ರಿಪೋರ್ಟಿನ ‘ಆರ್’

ನಮಸ್ಕಾರ. ಮುಂಬಯಿಯ ಮಾಟುಂಗಾದ ನನ್ನ ದವಾಖಾನೆಗೆ ಬರುವವರಲ್ಲಿ ಹೋಟೆಲಿನವರೇ ಜಾಸ್ತಿ. ಬೆಳಗಿನ ಜಾವ ಎದ್ದು ದೋಸೆ ಕಾವಲಿ ಮುಂದೆ ನಿಲ್ಲುವ ಜನ. “ಡಾಕ್ಟ್ರೇ, ಸ್ಟ್ರಾಂಗ್ ಇಂಜೆಕ್ಷನ್ ಒಂದು ಹಾಕಿಬಿಡಿ, ನಾಳೆ ಡ್ಯೂಟಿಗೆ ಹೋಗ್ಬೇಕು” ಅನ್ನುತ್ತಾರೆ.

ಅವರು ಕೇಳುವುದು ಹೆಚ್ಚಾಗಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್. ಸಣ್ಣ ಗಾಜಿನ ಬಾಟಲಿ, ತಳದಲ್ಲಿ ಪುಡಿ. ನೀರು ಬೆರೆಸಿ ಅಲ್ಲಾಡಿಸಿದರೆ ತಿಳಿ ಹಳದಿ. ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ ಕೊಟ್ಟರೆ ಸಾಕು. ಅಷ್ಟು ಸುಲಭ ಅಂತಲೇ ಅದನ್ನು ಸಿಕ್ಕಸಿಕ್ಕ ಜ್ವರಕ್ಕೆಲ್ಲ ಚುಚ್ಚಿದೆವು. ಇದರ ವಂಶದ ಹೆಸರು ಸೆಫಲೋಸ್ಪೋರಿನ್. ಆ ವಂಶ ಹುಟ್ಟಿದ್ದು ಚರಂಡಿ ಬಾಯಲ್ಲಿ, ಗೊತ್ತಾ? 1945ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ಪ್ರೊಫೆಸರ್, ಊರ ಕೊಳಚೆ ಸಮುದ್ರ ಸೇರುವ ಕಡೆ ನೀರು ತೆಗೆದು ನೋಡಿದರು. ಅಲ್ಲಿದ್ದ ಬೂಷ್ಟು ಟೈಫಾಯ್ಡ್ ರೋಗಾಣುವನ್ನು ತಡೆಯುತ್ತಿತ್ತು. ಇಲ್ಲಿನ ಕೊಳಚೆ ತುಂಬಿದ ಮಾಹಿಮ್ ಖಾಡಿ ದಾಟುವಾಗ ಮೂಗು ಮುಚ್ಚಿಕೊಂಡರೆ ನನಗೆ ಅವರ ನೆನಪಾಗುತ್ತದೆ.

ಹೋದ ಮಳೆಗಾಲ ಡೊಂಬಿವಲಿಯಿಂದ ಒಬ್ಬ ಅಜ್ಜಿಯನ್ನು ಮಗ ಕರೆತಂದರು. ಮೂತ್ರದ ಸೋಂಕು, ನಡುಗಿಸುವ ಜ್ವರ. ಬೇರೆ ಕಡೆ ಮೂರು ದಿನ ಸೆಫ್ಟ್ರಿಯಾಕ್ಸೋನ್ ಆಗಿತ್ತು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾತ್ರ ಯಾರೂ ಮಾಡಿಸಿರಲಿಲ್ಲ. ನರ್ಸಿಂಗ್ ಹೋಮಿಗೆ ಸೇರಿಸಿ, ಮೂತ್ರ ಲ್ಯಾಬಿಗೆ ಕಳಿಸಿ, ಅಂದಾಜಿನ ಮೇಲೆ ಮೆರೊಪೆನೆಮ್ ಎಂಬ ಇನ್ನೂ ಪ್ರಬಲ ಆಂಟಿಬಯಾಟಿಕ್ ಶುರು ಮಾಡಿದೆವು. ಕಿಡ್ನಿ ಸ್ವಲ್ಪ ಸೋತಿತ್ತು, ಅದನ್ನು ನೋಡಿ ಡೋಸ್ ಇಳಿಸಿದೆವು.

ಎರಡು ದಿನಕ್ಕೆ ರಿಪೋರ್ಟ್ ಬಂತು. ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಒಂದೊಂದು ಔಷಧಿಯ ಎದುರೂ ಒಂದೊಂದು ಅಕ್ಷರ. ಎಸ್ ಅಂದರೆ ಕೆಲಸ ಮಾಡುತ್ತದೆ, ಆರ್ ಅಂದರೆ ಇಲ್ಲ. ಸೆಫ್ಟ್ರಿಯಾಕ್ಸೋನ್ ಎದುರು ಆರ್. ಕೆಳಗೆ ‘ಇಎಸ್‌ಬಿಎಲ್ ಪಾಸಿಟಿವ್’.

“ಡೋಸ್ ಜಾಸ್ತಿ ಮಾಡಿದ್ರೆ?” ಎಂದು ಮಗ ಕೇಳಿದರು. ಆಗುವುದಿಲ್ಲ. ಸೆಫಲೋಸ್ಪೋರಿನ್ ಬ್ಯಾಕ್ಟೀರಿಯಾಕ್ಕೆ ತನ್ನ ಗೋಡೆ ಕಟ್ಟಿಕೊಳ್ಳಲು ಬಿಡುವುದಿಲ್ಲ. ಈ ಬ್ಯಾಕ್ಟೀರಿಯಾ ಇಎಸ್‌ಬಿಎಲ್ ಎಂಬ ಕಿಣ್ವ ಮಾಡಿಕೊಂಡು ಔಷಧಿಯನ್ನೇ ಕತ್ತರಿಸಿ ಹಾಕುತ್ತದೆ.

“ಹೊಸ ಇಂಜೆಕ್ಷನ್ ಬಂದಿದೆಯಂತಲ್ಲ, ಅದನ್ನೇ ಬರೆಯಿರಿ.” ಬಂದಿದೆ. ಸೆಫ್ಟಾಜಿಡೈಮ್ ಎಂಬ ಇನ್ನೊಂದು ಸೆಫಲೋಸ್ಪೋರಿನ್ ಜೊತೆ ಅವಿಬ್ಯಾಕ್ಟಮ್. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಅವಿಬ್ಯಾಕ್ಟಮ್ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಆದರೆ ಎನ್‌ಡಿಎಂ ಎಂಬ ಇನ್ನೊಂದು ಕಿಣ್ವ ಇದೆ, ನಮ್ಮ ದೇಶದಲ್ಲಿ ಅದರ ಹಾವಳಿ ಹೆಚ್ಚು. ಅದು ಇದಕ್ಕೂ ಬಗ್ಗುವುದಿಲ್ಲ. ಆಗ ಜೊತೆಗೆ ಅಜ್ಟ್ರಿಯೋನಾಮ್ ಎಂಬ ಇನ್ನೊಂದು ಆಂಟಿಬಯಾಟಿಕ್ ಸೇರಿಸಬೇಕಾಗುತ್ತದೆ. ಮೆರೊಪೆನೆಮ್ ಕೂಡ ಸೋತಾಗ ಬೇಕಾಗುವ ಮದ್ದು ಈ ಹೊಸ ಇಂಜೆಕ್ಷನ್. ಅಜ್ಜಿಯ ರಿಪೋರ್ಟಿನಲ್ಲಿ ಮೆರೊಪೆನೆಮ್ ಎದುರು ಎಸ್ ಇತ್ತು. ಸುಮ್ನೆ ಯಾಕೆ ಬದಲಿಸುವುದು?

ಅಂದಹಾಗೆ, ಸೆಫ್ಟ್ರಿಯಾಕ್ಸೋನ್ ಸರಕಾರದ ಶೆಡ್ಯೂಲ್ ಎಚ್1 ಎಂಬ ಔಷಧಿ ಪಟ್ಟಿಯಲ್ಲಿದೆ. 2014ರಿಂದ ಆ ನಿಯಮ ಜಾರಿಯಲ್ಲಿದೆ. ಕೆಮಿಸ್ಟ್ ಚೀಟಿ ನೋಡಿಯೇ ಕೊಡಬೇಕು, ರಿಜಿಸ್ಟರಿನಲ್ಲಿ ರೋಗಿಯ ಹೆಸರು ಬರೆದು ಮೂರು ವರ್ಷ ಇಡಬೇಕು. ಎಷ್ಟು ಕಡೆ ನಡೆಯುತ್ತದೆ ಅಂತ ನೀವೇ ನೋಡಿರುತ್ತೀರಿ.

ನಾಲ್ಕನೆಯ ದಿನ ಅಜ್ಜಿ ಗಂಜಿ ಬೇಡ, ಇಡ್ಲಿ ತರಿಸು ಎಂದರು. ಮನೆಗೆ ಹೊರಡುವಾಗ ಮಗ ಆ ರಿಪೋರ್ಟನ್ನು ಮಡಚಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿಗೆ ಸೇರಿಸಿದರು. ಮತ್ತೆ ಜ್ವರ ಬಂದರೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ ಎಂದು ಹೇಳಿ ಕಳಿಸಿದೆ.